ಊರಿನವರೆಲ್ಲ ಸೇರಿ ಜಾಗ ತೆಗೊಂಡದ್ದುಂಟಾ? ಅನುಭವ ಇದ್ದವರು ಹೇಳಿ

ಉಡುಪಿ ಹತ್ತಿರದ ಹಳ್ಳಿಯಿಂದ ಪ್ರಶ್ನೆ: ನಮ್ಮ ಮದಗದ (ಕೆರೆಯ) ಪಕ್ಕದ 1 ಎಕ್ರೆ 40 ಸೆಂಟ್ಸ್ ಜಾಗ ಮಾರಾಟಕ್ಕೆ ಬಂದಿದೆ. ಗುಡ್ಡದ ನೀರು ಮದಗಕ್ಕೆ ಇಳಿಯುವ ತೋಡು ಅದರೊಳಗೇ ಉಂಟು. ಲೇಔಟಿನವರು ಎರಡು ಸಲ ಬಂದು ನೋಡಿ ಹೋದರು. ನಾವು 38 ಮನೆಯವರು ಹಣ ಒಟ್ಟು ಮಾಡಿ ತೆಗೊಳ್ಳಬಹುದಾ?

ಬ್ರಹ್ಮಾವರ ಕಡೆಯಿಂದ: ನಮ್ಮೂರ ಕಂಬಳದ ಗದ್ದೆಯನ್ನು ಹೀಗೇ ಉಳಿಸಿಕೊಂಡೆವು. ಹಣ ಹೇಗೋ ಕೂಡಿತು, ಯಾರ ಹೆಸರಿಗೆ ಮಾಡುವುದು ಎನ್ನುವುದೇ ದೊಡ್ಡ ತಲೆಬಿಸಿ. ಆಗ ಭೂಸುಧಾರಣಾ ಕಾಯ್ದೆಯ 79ಬಿ ಕಲಂ ಇತ್ತು, ಸಂಘ-ಟ್ರಸ್ಟುಗಳು ಕೃಷಿ ಜಮೀನು ಹೊಂದುವಂತಿರಲಿಲ್ಲ. ಹಾಗಾಗಿ ನಂಬಿಕಸ್ಥ ಕೃಷಿಕರೊಬ್ಬರ ಹೆಸರಿಗೆ ರಿಜಿಸ್ಟ್ರಿ ಮಾಡಿಸಿದೆವು. ಅವರು ತೀರಿಕೊಂಡ ಮೇಲೆ ಆರ್‌ಟಿಸಿಯ (ಪಹಣಿಯ) 9ನೇ ಕಲಂನಲ್ಲಿ, ಅಂದರೆ ಮಾಲೀಕರ ಕಲಂನಲ್ಲಿ, ನಾಲ್ಕು ಮಕ್ಕಳ ಹೆಸರು ಬಂತು. ಮಕ್ಕಳು ಒಳ್ಳೆಯವರೇ. ಆದರೂ ದುಬೈಯಲ್ಲಿದ್ದ ಮಗ ಊರಿಗೆ ಬರುವವರೆಗೆ, ಎರಡು ವರ್ಷ, ನಮಗೆ ನಿದ್ದೆ ಇರಲಿಲ್ಲ. ನೀವು ಆ ದಾರಿ ಹಿಡಿಯಲೇಬೇಡಿ, ಬೇನಾಮಿ ಕಾಯ್ದೆಯ ಸಿಕ್ಕೂ ಬರಬಹುದು. 2020ರ ತಿದ್ದುಪಡಿಯಲ್ಲಿ ಆದಾಯ ಮಿತಿಯ 79ಎ, ಈ 79ಬಿ ಎರಡೂ ಹೋದವು, ಹಾಗಾಗಿ ಆ ತಡೆ ಈಗಿಲ್ಲ. ಮೊದಲು ಸಂಘವನ್ನೋ ಟ್ರಸ್ಟನ್ನೋ ನೋಂದಣಿ ಮಾಡಿ, ಜಾಗ ಮಾರಬಾರದು ಎಂದು ಬೈಲಾದಲ್ಲಿ ಬರೆಸಿ, ವಕೀಲರಿಗೆ ತೋರಿಸಿಯೇ ಮುಂದೆ ಹೋಗಿ.

ಕಾರ್ಕಳದಿಂದ: ಅಳತೆ ಮಾಡಿಸದೆ ಮುಂಗಡ ಕೊಡಬೇಡಿ. ನಮಗೆ ಬೇಲಿಯೊಳಗೆ ತೋರಿಸಿದ್ದು 3 ಎಕ್ರೆ. ಸರ್ವೆಯವರು ಪೊದೆ ಸವರಿ ಗಡಿಕಲ್ಲು ಹುಡುಕಿದಾಗ ವರ್ಗ ಜಾಗ (ಸ್ವಂತ ಪಟ್ಟಾ ಜಾಗ) ಅದರ ಅರ್ಧವೂ ಇರಲಿಲ್ಲ, ಉಳಿದದ್ದು ಕುಮ್ಕಿ. ವರ್ಗದ ಗಡಿಯಿಂದ 100 ಗಜದೊಳಗಿನ ಆ ಸರ್ಕಾರಿ ಜಾಗದಲ್ಲಿ ಸೊಪ್ಪು, ಕಟ್ಟಿಗೆಯ ಅನುಕೂಲ ಉಂಟು, ಮಾರುವ ಹಕ್ಕಿಲ್ಲ. ಸರ್ವೆ ನಂಬರಿನ ಒಂದು ಭಾಗ ಮಾತ್ರವಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು. ಪಹಣಿಯ 11ನೇ ಕಲಂನಲ್ಲಿ ಸೊಸೈಟಿ ಸಾಲ ಕಾಣುತ್ತದಾ ನೋಡಿ.

ಮಂಗಳೂರಿನಿಂದ: ನಾನು ಸ್ಕಾಟ್ಲೆಂಡಿನಲ್ಲಿ ಓದುವಾಗ ಎಗ್ (Eigg) ಎಂಬ ಪುಟ್ಟ ದ್ವೀಪಕ್ಕೆ ಹೋಗಿದ್ದೆ. ಅಲ್ಲಿಯವರು 1997ರಲ್ಲಿ, ಕಾನೂನು ಬರುವ ಮೊದಲೇ, ಚಂದಾ ಎತ್ತಿ ದ್ವೀಪವನ್ನೇ ಕೊಂಡವರು. 2003ರ ಕಾನೂನಿನ ಪ್ರಕಾರ ಹಳ್ಳಿಯ ಸಂಸ್ಥೆ ಒಂದು ಜಾಗದ ಮೇಲೆ ತನ್ನ ಆಸಕ್ತಿಯನ್ನು ಮೊದಲೇ ನೋಂದಾಯಿಸಿಟ್ಟರೆ, ಧಣಿ ಮಾರಲು ಹೊರಟಾಗ ಮೊದಲ ಅವಕಾಶ ಊರಿಗೆ. 2015ರ ಕಾನೂನು ಇದನ್ನು ಪೇಟೆಗಳಿಗೂ ತಂದಿತು. ಪಾಳುಬಿಟ್ಟ ಜಾಗವಾದರೆ ಧಣಿ ಒಪ್ಪದಿದ್ದರೂ ಊರಿನವರು ಅರ್ಜಿ ಹಾಕಬಹುದು ಎಂದಿತು. ಅಷ್ಟಾದರೂ ಕಾಗದಪತ್ರ ಹಾಕಿ ಹಾಕಿ ಜನ ಸುಸ್ತಾಗುತ್ತಾರೆ. ಅಲ್ಲಿನ ಸರ್ಕಾರ ಈ ಹಕ್ಕುಗಳನ್ನು ಮರುಪರಿಶೀಲನೆಗೆ ತೆಗೆದುಕೊಂಡಿತು ಎಂದು ಓದಿದಾಗ ನನಗೆ ನಮ್ಮೂರೇ ನೆನಪಾಯಿತು. ನಮ್ಮ 2020ರ ತಿದ್ದುಪಡಿ ಬಾಗಿಲು ತೆಗೆದದ್ದು ಹಣವಿದ್ದ ಎಲ್ಲರಿಗೂ. ತೋಡಿನ ನೀರು ಕುಡಿಯುವ ನೆರೆಯವರಿಗೆ ಮೊದಲ ಸರದಿ ಕೊಡಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಕಲಂನಲ್ಲಿ ಸಹವಾರಸುದಾರರಿಗೆ ಅಂಥ ಆದ್ಯತೆ ಉಂಟಲ್ಲ, ಊರಿಗೂ ಯಾಕೆ ಬೇಡ? ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ ಶಾಸಕರಿಗೆ ಕೊಡಿ, ನಮ್ಮ ಊರಿನಿಂದಲೂ ಕಳಿಸುತ್ತೇವೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ತುಂಬ ಉಪಕಾರ ಆಯಿತು. ನಿನ್ನೆ ರಾತ್ರಿ ಭಜನಾ ಮಂದಿರದಲ್ಲಿ ಕೂತೆವು, 31 ಮನೆಯವರು ಬಂದಿದ್ದರು. ತುಳಸಿ ಪೂಜೆಯವರೆಗೆ ಕಾಯುತ್ತೇನೆ ಎಂದು ಜಾಗದ ಯಜಮಾನರು ಹೇಳಿದ್ದಾರೆ. ಬುಧವಾರ ಅಳತೆ.