ಸ್ಟೋಮಾ ಬ್ಯಾಗ್ ಪದೇ ಪದೇ ಲೀಕ್ ಆಗ್ತಿದೆಯಾ? ತೆಗೆದ ಪ್ಲೇಟ್ ತಿರುಗಿಸಿ ನೋಡಿ

ಪ್ರಶ್ನೆ: ನಮಸ್ತೆ ಸಿಸ್ಟರ್. ನಮ್ಮ ಯಜಮಾನರಿಗೆ ಇಲಿಯೋಸ್ಟಮಿ (ಸಣ್ಣ ಕರುಳನ್ನು ಹೊಟ್ಟೆಯ ಮೇಲೆ ತೆರೆದು, ಮಲ ಬ್ಯಾಗಿಗೆ ಬರುವಂತೆ ಮಾಡುವ ಆಪರೇಷನ್) ಆಗಿ ಎರಡು ತಿಂಗಳಾಯ್ತು. ಮೊದಲು ಬ್ಯಾಗನ್ನು ಚರ್ಮಕ್ಕೆ ಅಂಟಿಸುವ ಪ್ಲೇಟ್ ಮೂರು ದಿನ ಇರುತ್ತಿತ್ತು, ಈಗ ಒಂದೇ ದಿನಕ್ಕೆ ಸೋರುತ್ತದೆ. ಆಸ್ಪತ್ರೆಯಲ್ಲಿ ಕೊಟ್ಟ ಅಳತೆಗೇ ಪ್ಲೇಟಿನ ತೂತು ಕತ್ತರಿಸುತ್ತಿದ್ದೇವೆ. ಪೇಸ್ಟ್ ಜಾಸ್ತಿ ಹಾಕಿದರೂ ನಿಲ್ಲುತ್ತಿಲ್ಲ. ಚರ್ಮ ಉರಿ ಅಂತಾರೆ.

ಉತ್ತರ (ಸ್ಟೋಮಾ ನರ್ಸ್): ಆ ಹಳೇ ಅಳತೆಯ ಮೇಲೇ ನನಗೆ ಅನುಮಾನ. ಆಪರೇಷನ್ ಆದ ಹೊಸದರಲ್ಲಿ ಸ್ಟೋಮಾ, ಅಂದರೆ ಹೊಟ್ಟೆಯ ಮೇಲೆ ತೆರೆದ ಕರುಳಿನ ಬಾಯಿ, ಊದಿಕೊಂಡಿರುತ್ತದೆ. 6ರಿಂದ 8 ವಾರದಲ್ಲಿ ಊತ ಇಳಿದು ಚಿಕ್ಕದಾಗುತ್ತದೆ. ತೂತು ಮಾತ್ರ ದೊಡ್ಡದೇ ಉಳಿದರೆ ಸುತ್ತಲಿನ ಚರ್ಮ ತೆರೆದುಕೊಂಡಿರುತ್ತದೆ. ಇಲಿಯೋಸ್ಟಮಿಯಿಂದ ಬರುವ ತೆಳು ಮಲದಲ್ಲಿ ಜೀರ್ಣರಸ ಇರುತ್ತದೆ. ಅದು ತಾಗಿದ ಚರ್ಮ ಸುಟ್ಟಂತಾಗಿ ಒಸರುತ್ತದೆ. ಒದ್ದೆ ಚರ್ಮಕ್ಕೆ ಪ್ಲೇಟ್ ಅಂಟುವುದಿಲ್ಲ, ಮತ್ತೆ ಲೀಕ್. ಇವತ್ತೇ ಹೊಸದಾಗಿ ಅಳೆಯಿರಿ. ತೂತು ಸ್ಟೋಮಾಕ್ಕಿಂತ 2ರಿಂದ 3 ಮಿಲಿಮೀಟರ್ ದೊಡ್ಡದಿದ್ದರೆ ಸಾಕು.

ಪೇಸ್ಟ್ ಅಂದರೆ ಗೋಂದು ಅಂದುಕೊಂಡವರೇ ಜಾಸ್ತಿ. ಗುಂಡಿ, ಮಡಿಕೆ ತುಂಬಿ ಮಟ್ಟ ಮಾಡೋದಷ್ಟೇ ಅದರ ಕೆಲಸ. ದಪ್ಪಗೆ ಮೆತ್ತಿದರೆ ಪ್ಲೇಟ್ ಚರ್ಮಕ್ಕೆ ಸರಿಯಾಗಿ ತಾಗೋದೇ ಇಲ್ಲ.

ಇನ್ನೊಂದು ಮಾತು. ಮುಂದಿನ ಸಲ ತೆಗೆದ ಪ್ಲೇಟನ್ನು ತಕ್ಷಣ ಬಿಸಾಡಬೇಡಿ. ತಿರುಗಿಸಿ ಹಿಂಬದಿ ನೋಡಿ. ತೂತಿನ ಸುತ್ತ ಸಮನಾಗಿ ಸ್ವಲ್ಪ ಕರಗಿದ್ದರೆ ಪರವಾಗಿಲ್ಲ. ಒಂದೇ ಕಡೆ ಉಬ್ಬಿ, ಬಿಳಿಚಿಕೊಂಡು, ಮಲ ಅಂಚಿನವರೆಗೂ ಹರಿದಿದ್ದರೆ ಅದೇ ಸೋರುವ ದಾರಿ. ಯಜಮಾನರನ್ನು ಕುರ್ಚಿಯಲ್ಲಿ ಕೂರಿಸಿ, ಸ್ವಲ್ಪ ಮುಂದಕ್ಕೆ ಬಗ್ಗಲು ಹೇಳಿ ಆ ಜಾಗ ನೋಡಿ. ಮಲಗಿದಾಗ ಕಾಣದ ಮಡಿಕೆ ಆಗ ಎದ್ದು ಕಾಣುತ್ತದೆ.

ಅದೇ ಸದಸ್ಯೆ: ನೋಡಿದೆ ಸಿಸ್ಟರ್, ಕೆಳಗಡೆಯೇ ಕರಗಿದೆ. ಕೂತಾಗ ಅಲ್ಲೊಂದು ಮಡಿಕೆ ಬೀಳುತ್ತದೆ. ಉರಿಗೆ ಕ್ರೀಮ್ ಹಚ್ಚಬಹುದಾ?

ಉತ್ತರ: ಬೇಡ. ಜಿಡ್ಡಿನ ಮೇಲೆ ಪ್ಲೇಟ್ ಜಾರುತ್ತದೆ. ಬೆಚ್ಚಗಿನ ನೀರಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ. ಒಸರುವ ಕಡೆ ಮಾತ್ರ ಸ್ಟೋಮಾ ಪೌಡರ್ ಉದುರಿಸಿ, ಹೆಚ್ಚಾದದ್ದನ್ನು ಕೊಡವಿಬಿಡಿ. ಮಡಿಕೆಗೆ ಮೆತ್ತಗಿನ ಅಂಟು ಬಳೆಯಂತಿರುವ ಸೀಲ್ ರಿಂಗ್‌ನ ಒಂದು ತುಂಡು ಇಡಿ. ಪ್ಲೇಟನ್ನು ಅಂಗೈಗಳ ನಡುವೆ ಬೆಚ್ಚಗೆ ಮಾಡಿ ಅಂಟಿಸಿ, ಮೇಲೆ ಕೈಯಿಟ್ಟು ಕೆಲವು ನಿಮಿಷ ಒತ್ತಿ ಹಿಡಿಯಿರಿ. ಈ ಒತ್ತಿ ಹಿಡಿಯೋದನ್ನೇ ಎಲ್ಲರೂ ಬಿಟ್ಟುಬಿಡೋದು! ಬೆಳಿಗ್ಗೆ ತಿಂಡಿಗೆ ಮುಂಚೆ ಬದಲಾಯಿಸಿದರೆ ಮಲ ಕಡಿಮೆ ಬರುತ್ತದೆ, ಕೆಲಸ ಸಲೀಸು.

ಇನ್ನೊಬ್ಬ ಸದಸ್ಯರು: ನನ್ನದು ಕೊಲೊಸ್ಟಮಿ, ಅಂದರೆ ದೊಡ್ಡ ಕರುಳಿನ ಸ್ಟೋಮಾ. ಗಟ್ಟಿ ಮಲ ಕೆಳಗೆ ಇಳಿಯದೆ ಮೇಲೆಯೇ ಕೂತು ಪ್ಲೇಟಿನ ಅಡಿಗೆ ನುಗ್ಗುತ್ತದೆ.

ಉತ್ತರ: ಬ್ಯಾಗಿನೊಳಗೆ ಗಾಳಿ ಇಲ್ಲದೆ ಎರಡು ಪದರ ಅಂಟಿಕೊಂಡಾಗ ಹೀಗಾಗುತ್ತದೆ. ಹಾಕುವ ಮುಂಚೆ ಬ್ಯಾಗನ್ನು ಬಿಡಿಸಿ ಸ್ವಲ್ಪ ಗಾಳಿ ತುಂಬಿ, ಗಾಳಿ ಹೊರಬಿಡುವ ಫಿಲ್ಟರ್ ಮೇಲೆ ಬ್ಯಾಗಿನ ಜೊತೆ ಬರುವ ಸ್ಟಿಕ್ಕರ್ ಅಂಟಿಸಿ. ಬ್ಯಾಗಿಗೆ ಅಂತಲೇ ಸಿಗುವ ಲೂಬ್ರಿಕಂಟ್ ಕೆಲವು ಹನಿ ಒಳಗೆ ಬಿಟ್ಟರೆ ಮಲ ಜಾರುತ್ತದೆ. ನೀರು ಕುಡಿಯೋದು ಕಡಿಮೆಯಾಗಿದೆಯಾ ಅಂತಲೂ ನೋಡಿಕೊಳ್ಳಿ.

ಮತ್ತೊಬ್ಬರು: ರಾತ್ರಿ ಲೀಕ್ ಆದರೆ ಟೇಪ್ ಹಾಕಿ ಬೆಳಗಿನವರೆಗೆ ತಳ್ಳಬಹುದಾ?

ಉತ್ತರ: ದಯವಿಟ್ಟು ಬೇಡ. ಟೇಪ್ ಸೋರುವುದನ್ನು ಮುಚ್ಚಿಡುತ್ತದೆ ಅಷ್ಟೇ, ಮಲ ಚರ್ಮದ ಮೇಲೇ ನಿಂತಿರುತ್ತದೆ. ಪ್ಲೇಟ್ ಕೆಳಗೆ ತುರಿಕೆ, ಉರಿ ಶುರುವಾದರೂ ಸಾಕು, ಹೊರಗೆ ಏನೂ ಕಾಣದಿದ್ದರೂ ತೆಗೆಯಿರಿ. ಕತ್ತರಿಸಿಟ್ಟ ಒಂದು ಪ್ಲೇಟ್ ಹಾಸಿಗೆ ಪಕ್ಕದಲ್ಲಿರಲಿ. ಮಲಗುವ ಮುಂಚೆ ಬ್ಯಾಗ್ ಖಾಲಿ ಮಾಡಿ. ಹಗಲಲ್ಲೂ ಮೂರನೇ ಒಂದು ಭಾಗ ತುಂಬುತ್ತಿದ್ದಂತೆ ಖಾಲಿ ಮಾಡಿ, ಭಾರಕ್ಕೆ ಪ್ಲೇಟ್ ಕಿತ್ತು ಬರುತ್ತದೆ.

ಅದೇ ಸದಸ್ಯರು: ಕಾನ್ವೆಕ್ಸ್ ಪ್ಲೇಟ್ (ಚರ್ಮದ ಕಡೆಗೆ ಉಬ್ಬಿರುವಂಥದ್ದು) ತಗೊಳ್ಳಿ ಅಂತ ಒಬ್ಬರು ಹೇಳಿದರು.

ಉತ್ತರ: ಸ್ಟೋಮಾ ಚರ್ಮದ ಮಟ್ಟಕ್ಕೇ ಇದ್ದರೆ, ಒಳಗೆ ಹೋಗಿದ್ದರೆ ಅದು ಚೆನ್ನಾಗಿ ಕೂರುತ್ತದೆ. ಆದರೆ ಅದು ಚರ್ಮವನ್ನು ಒತ್ತುತ್ತದೆ. ಹರ್ನಿಯಾ ಇರುವವರಿಗೆ ಗಾಯವೂ ಆಗಬಹುದು. ಹೊಟ್ಟೆ ನೋಡದೆ ನಾನು ಹೇಳಲ್ಲ. ನಿಮ್ಮ ಸ್ಟೋಮಾ ನರ್ಸ್‌ಗೆ ತೋರಿಸಿ, ಹೋಗುವಾಗ ತೆಗೆದ ಪ್ಲೇಟಿನ ಹಿಂಬದಿಯ ಫೋಟೋ ಮೊಬೈಲಲ್ಲಿ ಇರಲಿ.