ಪಾಲಿಕೆ ಬಾಂಡ್, ಸರ್ಕಾರಿ ಸಾಲದ ವಕೀಲಿ: ಒಳಗಿರೋರು ಅನುಭವ ಹೇಳಿ

ಹೊಸ ವಕೀಲೆ: ಕಂಪನಿ ಕಾನೂನಿನಲ್ಲಿ ಎರಡು ವರ್ಷ ಆಯ್ತು. ಪಾಲಿಕೆಗಳು ಹೂಡಿಕೆದಾರರಿಂದ ಸಾಲ ಎತ್ತೋ ಬಾಂಡ್, ರಾಜ್ಯದ ಸಾಲ, ಬೇರೆಯವರ ಸಾಲಕ್ಕೆ ರಾಜ್ಯ ಕೊಡೋ ಗ್ಯಾರಂಟಿ, ಈ ಕೆಲಸಕ್ಕೆ ಬರೋ ಆಸೆ ಇದೆ. ಏನೇನು ಕಲೀಬೇಕು?

ಎಸ್ಕ್ರೋ ರಾಯರು: ಷೇರುಪೇಟೆ ನಿಯಂತ್ರಕ ಸೆಬಿ ಪಾಲಿಕೆ ಬಾಂಡಿಗೆ ಮಾಡಿದ 2015ರ ನಿಯಮಾವಳಿ ಎಲ್ಲರೂ ಓದಿರ್ತಾರೆ. ಬಾಂಡ್ ಕೆಡೋದು ಪಾಲಿಕೆಯ ಹಳೇ ಸಾಲದ ಕಡತದಲ್ಲಿ. ಆಸ್ತಿ ತೆರಿಗೆ ಮೇಲೆ ಯಾವುದೋ ಬ್ಯಾಂಕಿಗೆ ಮೊದಲ ಹಕ್ಕು ಬರೆದುಕೊಟ್ಟಿದ್ರೆ, ಅವರ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಬರೋವರೆಗೂ ಟ್ರಸ್ಟಿ, ಅಂದ್ರೆ ಹೂಡಿಕೆದಾರರ ಪರ ನಿಂತಿರೋ ಸಂಸ್ಥೆ, ಸಹಿ ಹಾಕಲ್ಲ. ಅಷ್ಟರಲ್ಲಿ ಸಾಲ ತೀರಿಸೋ ಶಕ್ತಿಗೆ ಸಿಕ್ಕ ರೇಟಿಂಗ್ ಹಳತಾಗುತ್ತೆ, ಮತ್ತೆ ದುಡ್ಡು ಸುರೀಬೇಕು.

ಎಸ್ಕ್ರೋ ಅಂದ್ರೆ ಸಾಲ ತೀರಿಸೋಕೆ ಅಂತ ಆದಾಯ ಬೇರೆಯಾಗಿ ಬೀಳೋ ಖಾತೆ. ಅದರ ಒಪ್ಪಂದದಲ್ಲಿ 'ಎಲ್ಲ ತೆರಿಗೆ ಆದಾಯ' ಅಂತ ಬರೆದು ಕೈತೊಳ್ಕೋಬೇಡಿ. ಆನ್‌ಲೈನ್ ಪಾವತಿ ಬೇರೆ ಬ್ಯಾಂಕಿನ ಖಾತೆಗೆ ಬೀಳ್ತಿರುತ್ತೆ. ಪ್ರತಿ ಖಾತೆಯ ಸಂಖ್ಯೆ ಅನುಬಂಧದಲ್ಲಿ ಬೇಕು, ಪ್ರತಿ ಬ್ಯಾಂಕಿಗೂ ಪಾಲಿಕೆ ತಾನಾಗೇ ಹಿಂಪಡೆಯಲಾಗದ ವರ್ಗಾವಣೆ ಸೂಚನೆ ಹೋಗಬೇಕು. ಬಂದ ದುಡ್ಡಲ್ಲಿ ಮೊದಲು ಬಡ್ಡಿ, ಅಸಲು, ಆಮೇಲೆ ಮೀಸಲು ಖಾತೆಯ ಕೊರತೆ, ಉಳಿದದ್ದು ಪಾಲಿಕೆಗೆ. ಈ ಸರದಿಯಲ್ಲಿ ಒಂದು ಸಾಲು ಸಡಿಲವಾದ್ರೂ ಗುತ್ತಿಗೆದಾರರ ಬಿಲ್ಲು ಮುಂದೆ ನುಗ್ಗುತ್ತೆ.

ಸಚಿವಾಲಯದ ಕಡೆಯವ: ಮೇಡಂ, ಬಾಂಡ್ ಪತ್ರ ಬರೆಯೋದೇ ಈ ವಕೀಲಿ ಅಂದ್ಕೋಬೇಡಿ. ಬೇರು ಇರೋದು ಸಂವಿಧಾನದ 293ನೇ ವಿಧಿಯಲ್ಲಿ. ಕೇಂದ್ರದ ಸಾಲ ಬಾಕಿ ಇರೋ ರಾಜ್ಯ ಒಪ್ಪಿಗೆ ಇಲ್ಲದೆ ಹೊಸ ಸಾಲ ಎತ್ತೋಹಾಗಿಲ್ಲ. ಆ ಒಪ್ಪಿಗೆಯ ಹೆಸರಲ್ಲಿ ಕೇಂದ್ರ ಎಲ್ಲಿವರೆಗೆ ಕೈಹಾಕಬಹುದು ಅಂತ ಕೇರಳ ಹೂಡಿದ ದಾವೆಯನ್ನ ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಐವರ ಪೀಠಕ್ಕೆ ಒಪ್ಪಿಸಿತು. ಗ್ಯಾರಂಟಿ ಮಾಡೋರು ಕರ್ನಾಟಕದ 1999ರ ಕಾಯ್ದೆ ಓದಿ: ಬಾಕಿ ಇರೋ ಒಟ್ಟು ಗ್ಯಾರಂಟಿ, ಎರಡು ವರ್ಷ ಹಿಂದಿನ ರಾಜಸ್ವ ಜಮೆಯ ಶೇ. 80 ಮೀರಬಾರದು. ಹಣಕಾಸು ಇಲಾಖೆ ಸಹಮತಿಸದ ಗ್ಯಾರಂಟಿ ನಂಬಿ ಅಭಿಪ್ರಾಯ ಪತ್ರಕ್ಕೆ (ಸಾಲ ಕಾನೂನುಬದ್ಧ ಅಂತ ವಕೀಲರು ಕೊಡೋ ಪತ್ರ) ಸಹಿ ಹಾಕಲೇಬೇಡಿ.

ಎಸ್ಕ್ರೋ ರಾಯರು: 1997ರಲ್ಲಿ ಬೆಂಗಳೂರು ರಾಜ್ಯದ ಗ್ಯಾರಂಟಿ ಹಿಡ್ಕೊಂಡು 125 ಕೋಟಿ ಎತ್ತಿತು. ಮರುವರ್ಷವೇ ಅಹಮದಾಬಾದ್ ಗ್ಯಾರಂಟಿ ಇಲ್ಲದೆ 100 ಕೋಟಿ ಎತ್ತಿತು. ಸ್ವಂತ ಆದಾಯದ ಮೇಲೆ ನಿಂತ ಬಾಂಡೇ ಬಾಂಡ್.

ಸಚಿವಾಲಯದ ಕಡೆಯವ: ಆ ಸ್ವಂತ ಆದಾಯ ಯಾವುದು ಸ್ವಾಮಿ? ಆಕ್ಟ್ರಾಯ್, ಊರೊಳಗೆ ಬರೋ ಸರಕಿನ ಮೇಲಿನ ಸುಂಕ. ಅದನ್ನ ಗುಜರಾತ್ 2007ರಲ್ಲಿ ರದ್ದೇ ಮಾಡಿತು. ಅದು ಏಳು ವರ್ಷದ ಬಾಂಡ್ ಆಗಿದ್ದಕ್ಕೆ ಬಚಾವ್. ಹದಿನೈದು ವರ್ಷದ್ದಾಗಿದ್ರೆ? ಅಡವಿಟ್ಟ ತೆರಿಗೆಯನ್ನ ರಾಜ್ಯ ತೆಗೆದ್ರೆ ಬದಲಿ ಆದಾಯ ಯಾವುದು, ಎಷ್ಟು ದಿನದಲ್ಲಿ ಕೊಡಬೇಕು ಅನ್ನೋ ಷರತ್ತು ನಿಮ್ಮ ಒಪ್ಪಂದದಲ್ಲಿ ಇದೆಯಾ?

ಬಡ್ಡಿ ಲೆಕ್ಕದವಳು: ಇಬ್ಬರೂ ಖರ್ಚು ಬಿಟ್ಟೇಬಿಟ್ರಿ. ಪುಣೆ 2017ರಲ್ಲಿ 200 ಕೋಟಿ ಎತ್ತಿದ್ದು ಶೇ. 7.59ಕ್ಕೆ. ವರ್ಷದ ಬಡ್ಡಿ 15.18 ಕೋಟಿ. ಅಂಥ ದುಡ್ಡು ಟೆಂಡರ್ ಆಗದೆ ಶೇ. 6ರ ಠೇವಣಿಯಲ್ಲಿ ಕೂತ್ರೆ ಬರೋದು 12 ಕೋಟಿ. ವರ್ಷಕ್ಕೆ 3.18 ಕೋಟಿ ಊರಿನ ಜೇಬಿಂದ ಸೋರುತ್ತೆ. ಟೆಂಡರ್, ಜಾಗ, ಅನುಮತಿ ನೋಡದೆ ಬಾಂಡ್ ತರಬೇಡಿ. 'ಅದು ಎಂಜಿನಿಯರ್ ಕೆಲಸ' ಅನ್ನೋ ವಕೀಲರನ್ನ ಕಂಡ್ರೆ ಮೈ ಉರಿಯುತ್ತೆ. ಕೇಂದ್ರದ ನಗರಾಭಿವೃದ್ಧಿ ಯೋಜನೆ ಅಮೃತ್‌ನಲ್ಲಿ 100 ಕೋಟಿ ಬಾಂಡಿಗೆ 13 ಕೋಟಿ ಪ್ರೋತ್ಸಾಹಧನ ಇತ್ತು, ಆದ್ರೆ 26 ಕೋಟಿಗೆ ಮಿತಿ. ಅಂಥ ಹಣವನ್ನ ಕಂತು ಕಟ್ಟೋ ಆದಾಯ ಅಂತ ಲೆಕ್ಕಕ್ಕೆ ಹಿಡೀಬಾರದು.

ಸಣ್ಣ ಪಟ್ಟಣ ಒಂಟಿಯಾಗಿ ಬಂದ್ರೆ ಬೇಡ ಅನ್ನಿ. ಟ್ರಸ್ಟಿ, ರೇಟಿಂಗ್, ಕಾಗದಪತ್ರದ ಖರ್ಚು 20 ಕೋಟಿ ಬಾಂಡಿಗೂ ಹೆಚ್ಚುಕಮ್ಮಿ ದೊಡ್ಡ ಬಾಂಡಿನಷ್ಟೇ.

ತೆರಿಗೆ ವಕೀಲ: ಬಾಂಡ್ ಬರೋದೇ ಅಪರೂಪ. ಜಿಎಸ್‌ಟಿ ವ್ಯಾಜ್ಯಕ್ಕೆ ಬನ್ನಿ, ದಿನಾ ಕೆಲಸ. ಅದೂ ಸಾರ್ವಜನಿಕ ಹಣಕಾಸೇ.

ಎಸ್ಕ್ರೋ ರಾಯರು: ಅಲ್ಲ! ನೀವು ತೆರಿಗೆ ಕಟ್ಟೋರ ಪರ ವಾದ ಮಾಡ್ತೀರಿ. ಇವರು ಕೇಳ್ತಿರೋದು ಸಾಲ ಎತ್ತೋರ ಕೆಲಸ. ದಾರಿ ತಪ್ಪಿಸಬೇಡಿ.

ಸಚಿವಾಲಯದ ಕಡೆಯವ: ಅದಿರಲಿ ರಾಯರೇ, ಚುನಾಯಿತ ಕೌನ್ಸಿಲ್ ಇಲ್ಲದಾಗ ಆಡಳಿತಾಧಿಕಾರಿಯ ನಡಾವಳಿ ಮೇಲೆ ಬಾಂಡ್ ತರ್ತೀರಲ್ಲ, ನೇಮಕದ ಅಧಿಸೂಚನೆ ಕೌನ್ಸಿಲ್‌ನ ಅಧಿಕಾರವನ್ನೂ ಕೊಟ್ಟಿದೆಯಾ ಅಂತ ಎಷ್ಟು ಜನ ನೋಡ್ತಾರೆ?

ಎಸ್ಕ್ರೋ ರಾಯರು: ಅಧಿಸೂಚನೆಯ ದೃಢೀಕೃತ ಪ್ರತಿ, ನಡಾವಳಿ, ಸರ್ಕಾರದ ಮಂಜೂರಾತಿ, ಮೂರೂ ಕೈಗೆ ಬರೋವರೆಗೆ ಅಭಿಪ್ರಾಯ ಪತ್ರವೇ ಹೊರಡಲ್ಲ. ಬೇರೆಯವರ ಅವಸರಕ್ಕೆ ನನ್ನನ್ನ ಬೈಬೇಡಿ.