ಆನ್‌ಲೈನ್‌ನಲ್ಲಿ ಡಿಗ್ರಿ ಓದುವವರಿಗೆ ಕಾಲೇಜಿನ ಒಡನಾಟ ಕಟ್ಟಿಕೊಡೋದು ಹೇಗೆ?

ಪ್ರಶ್ನೆ: ಪೀಣ್ಯದಲ್ಲಿ ಹಗಲು ದುಡಿದು, ರಾತ್ರಿ ಮೊಬೈಲಿನಲ್ಲಿ ಆನ್‌ಲೈನ್ ಬಿ.ಕಾಂ. ಓದುವ ಹತ್ತು-ಹನ್ನೆರಡು ಮಂದಿಗೆ ಬಡಾವಣೆಯ ವಾಚನಾಲಯದಲ್ಲಿ ಭಾನುವಾರ ಜಾಗ ಕೊಡುತ್ತಿದ್ದೇವೆ. ಪಾಠವೇನೋ ಸಿಗುತ್ತದೆ. ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ), ಚರ್ಚಾಕೂಟ, ಊರಿನ ವಿಚಾರಕ್ಕೆ ಬಾಯಿ ತೆರೆಯುವ ಅಭ್ಯಾಸ ಇವೆಲ್ಲ ಎಲ್ಲಿಂದ ಬರಬೇಕು? ಈ ಡಿಗ್ರಿಗೆ ಬೆಲೆ ಇದೆಯಾ ಅನ್ನೋ ಅಳುಕೂ ಅವರಿಗಿದೆ.

ಉತ್ತರ 1: ಬೆಲೆ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2020ರ ನಿಯಮಗಳ ಪ್ರಕಾರ ಅನುಮತಿ ಪಡೆದ ಆನ್‌ಲೈನ್ ಪದವಿ ತರಗತಿಯ ಪದವಿಗೆ ಸಮ. ಆದರೆ ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದ್ದರೆ ಸಾಲದು, ಆ ಕೋರ್ಸಿಗೆ, ಸೇರುವ ವರ್ಷಕ್ಕೆ ಅನುಮತಿ ಇರಬೇಕು. ಯುಜಿಸಿ ದೂರಶಿಕ್ಷಣ ಬ್ಯೂರೋದ ಪಟ್ಟಿಯಲ್ಲಿ ನೋಡಿಕೊಳ್ಳಿ. ಹೊಸದಾಗಿ ಸೇರುವವರು ಡೆಬ್ ಐಡಿಯನ್ನು (ಆ ಬ್ಯೂರೋದ ವಿದ್ಯಾರ್ಥಿ ಗುರುತು ಸಂಖ್ಯೆ) ತಮ್ಮ ಮೊಬೈಲ್ ನಂಬರಿನಲ್ಲೇ ಮಾಡಿಕೊಳ್ಳಲಿ, ಏಜೆಂಟರ ನಂಬರ್ ಕೊಟ್ಟರೆ ಒಟಿಪಿ ಅವರ ಕೈಗೆ ಹೋಗುತ್ತದೆ. ಎಂಜಿನಿಯರಿಂಗ್, ನರ್ಸಿಂಗ್, ಕಾನೂನು ಪದವಿಯನ್ನು ಪೂರ್ತಿ ಆನ್‌ಲೈನಿನಲ್ಲಿ ಕೊಡುತ್ತೇವೆ ಅಂದವರನ್ನು ನಂಬಲೇಬೇಡಿ.

ಉತ್ತರ 2: ಎನ್‌ಎಸ್‌ಎಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ ಏಳು ದಿನದ ಶಿಬಿರ. ನಿಮಗೆ ವಾರಕ್ಕೆ ಎರಡು ಗಂಟೆ ಸಿಕ್ಕರೂ ವರ್ಷಕ್ಕೆ ನೂರರ ಹತ್ತಿರ ಬರುತ್ತದೆ. ಮೊದಲ ಗಂಟೆ ಮೊಬೈಲ್ ಪಕ್ಕಕ್ಕಿಟ್ಟು, ಒಬ್ಬರು ಆ ವಾರದ ಪಾಠವನ್ನು ಉಳಿದವರಿಗೆ ಹೇಳಲಿ. ವಿಡಿಯೊ ನೋಡುವಾಗ ಅರ್ಥವಾದ ಹಾಗೆ ಅನಿಸಿದ್ದು ಅಲ್ಲೇ ಪರೀಕ್ಷೆಯಾಗುತ್ತದೆ.

ಎರಡನೇ ಗಂಟೆಗೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಬರೆಸಿ. ಬಿ.ಕಾಂ. ಓದುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ ಅಂತಲೇ ನನ್ನ ನಂಬಿಕೆ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದಗಳ ಒಳಗೆ. ಉತ್ತರಕ್ಕೆ 30 ದಿನ. ಅರ್ಜಿ ಕೆಡುವುದು ‘ಚರಂಡಿ ಯಾಕೆ ಸರಿಮಾಡಿಲ್ಲ?’ ಅಂತ ಕೇಳಿದಾಗ, ಏಕೆಂದರೆ ಕಾರಣ ವಿವರಿಸುವ ಹೊಣೆ ಅಧಿಕಾರಿಗಿಲ್ಲ, ಕಡತದಲ್ಲಿ ಇರುವುದನ್ನಷ್ಟೇ ಕೊಡುತ್ತಾರೆ. ಕಾರ್ಯಾದೇಶ (ಗುತ್ತಿಗೆದಾರರಿಗೆ ಕೊಟ್ಟ ಕೆಲಸದ ಆದೇಶ), ಅಳತೆ ಪುಸ್ತಕ (ನಡೆದ ಕೆಲಸದ ಅಳತೆ ಬರೆದಿಡುವ ಪುಸ್ತಕ), ಬಿಲ್ಲುಗಳ ನಕಲು ಕೇಳಿ. ಬಂದ ಮೇಲೆ ಎಲ್ಲರೂ ಕೂತು ಲೆಕ್ಕ ತಾಳೆ ಹಾಕಿ, ಟೇಪು ಹಿಡಿದು ಆ ಚರಂಡಿಯನ್ನೂ ಅಳೆದು ಬನ್ನಿ.

ಉತ್ತರ 3: ಇನ್ನೊಂದು ಹಕ್ಕನ್ನು ಬಹಳ ಜನ ಬಿಟ್ಟುಕೊಡುತ್ತಾರೆ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7ಕ್ಕೆ ಪದವೀಧರರೇ ಮತ ಹಾಕಿ ಆರಿಸುತ್ತಾರೆ. ಅರ್ಹತಾ ದಿನವಾದ ನವೆಂಬರ್ 1ಕ್ಕೆ ಪದವಿ ಮುಗಿದು ಮೂರು ವರ್ಷ ಆಗಿರಬೇಕು. ಈ ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿಯಾದ ನಮೂನೆ 18ರ ಜೊತೆ ದೃಢೀಕರಿಸಿದ ಪದವಿ ಪ್ರಮಾಣಪತ್ರದ ನಕಲು ಕೊಡಬೇಕು. ಪ್ರತಿ ಚುನಾವಣೆಗೂ ಪಟ್ಟಿಯನ್ನು ಹೊಸದಾಗಿಯೇ ಮಾಡುತ್ತಾರೆ, ಹಿಂದೆ ಹೆಸರಿತ್ತು ಅಂತ ಸುಮ್ಮನಿದ್ದರೆ ಮತ ಹೋಯಿತು.

ಪ್ರಶ್ನೆ ಕೇಳಿದವರು: ಕೆಲವರ ವೋಟರ್ ಕಾರ್ಡ್ ಇನ್ನೂ ಊರಿನ ವಿಳಾಸದಲ್ಲೇ ಇದೆ. ಏನು ಮಾಡಬೇಕು?

ಉತ್ತರ 3: ಇಲ್ಲೇ ನೆಲೆಸಿದ್ದರೆ ನಮೂನೆ 8 ತುಂಬಿ ಸಾಮಾನ್ಯ ಪಟ್ಟಿಯ ಹೆಸರನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಲಿ. ಪದವೀಧರರ ಪಟ್ಟಿಗೆ ಅದು ತಾನಾಗಿ ಸೇರುವುದಿಲ್ಲ, ನಮೂನೆ 18 ಬೇರೆಯೇ ಕೊಡಬೇಕು.